‘ಮೂಲಸ್ಥಿತಿಗೆ’ ಮತ್ತು ‘ಮೂಲಸ್ಥಿತಿಯಲ್ಲಿ’: ಹಳೆಯ ಕಾರುಗಳ ಕುರಿತು ಒಂದು ಪದಜಿಜ್ಞಾಸೆ

ಹಳೆಯ ಕಾರುಗಳ ವಿಷಯದಲ್ಲಿ ಬಳಕೆಯಾಗುವ ‘ರೆಸ್ಟೊರೇಶನ್’ (ಹಿಂದಿನ ರೂಪಕ್ಕೆ ಮರಳಿ ತರುವುದು) ಮತ್ತು ‘ಪ್ರಿಸರ್ವೇಶನ್’ (ಇದ್ದಂತೆಯೇ ಉಳಿಸುವುದು) ಎಂಬ ಎರಡು ಮಾತುಗಳಿಗೆ, ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರದಂತೆ, ಕನ್ನಡದಲ್ಲಿ ಯಾವ ಪದಗಳನ್ನು ಗೊತ್ತುಮಾಡಿಕೊಳ್ಳಬಹುದು ಎಂಬುದು ನನ್ನ ಪ್ರಶ್ನೆ. ಪರಿಚಿತರೊಬ್ಬರ ಖಾಸಗಿ ಸಂಗ್ರಹದಲ್ಲಿರುವ ಕಾರುಗಳಿಗೆ ವಿವರಣೆಯ ಫಲಕಗಳನ್ನು ಬರೆದುಕೊಡಲು ಒಪ್ಪಿಕೊಂಡ ಮೇಲೆ ಈ ತೊಡಕು ಎದುರಾಯಿತು. ಜೀರ್ಣೋದ್ಧಾರ, ಪುನರುಜ್ಜೀವನ, ಸಂರಕ್ಷಣೆ, ದುರಸ್ತಿ ಎಂದು ನಮ್ಮಲ್ಲಿ ಪದಗಳಿಗೇನೂ ಬರವಿಲ್ಲ. ಆದರೆ ಯಾವುದು ಎಲ್ಲಿಯವರೆಗೆ ಎಂಬ ಗಡಿಗಲ್ಲು ನೆಟ್ಟಿಲ್ಲ. ಗಡಿ ಗೊತ್ತಿಲ್ಲದಿದ್ದರೆ ಕೆಡುವುದು ಮಾತು ಮಾತ್ರವಲ್ಲ, ವಸ್ತುವೂ ಕೆಡುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ಸಂಗತಿಯನ್ನೇ ಮೊದಲು ಹೇಳುತ್ತೇನೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ 1920ರ ದಶಕದ ಆಸ್ಟಿನ್ ಸೆವೆನ್, ಅಂದರೆ ಹಿರಿಯರ ಬಾಯಲ್ಲಿ ‘ಬೇಬಿ ಆಸ್ಟಿನ್’, ಬಹುಕಾಲದಿಂದ ಓಡದೆ ನಿಂತಿತ್ತು. ಅದರ ಬಲಬದಿಯ ಬಾಗಿಲಿನ ಮೇಲಂಚಿನಲ್ಲಿ ಒಂದು ಗೇಣಿನಷ್ಟು ಜಾಗದಲ್ಲಿ ಬಣ್ಣ ಸವೆದು ತಗಡು ಕಾಣುತ್ತಿತ್ತು. ಆ ಮನೆಯ ಅಜ್ಜ ಮೊಣಕೈ ಊರಿಕೊಂಡು ಗಾಡಿ ಓಡಿಸುತ್ತಿದ್ದ ಗುರುತು ಅದು. ಮೊಮ್ಮಗ ಗ್ಯಾರೇಜಿನವರಿಗೆ ಬರೆದುಕೊಟ್ಟ ಚೀಟಿಯಲ್ಲಿ ‘ಗಾಡಿಯನ್ನು ಮೂಲಸ್ಥಿತಿಗೆ ತಂದುಕೊಡಬೇಕು’ ಎಂದಿತ್ತು. ಎಂಜಿನ್ ಓಡುವಂತಾಗಲಿ, ಉಳಿದದ್ದು ಇದ್ದಂತೆಯೇ ಇರಲಿ ಎಂಬುದು ಅವರ ಮನಸ್ಸಿನಲ್ಲಿದ್ದದ್ದು. ಕಾರ್ಖಾನೆಯಿಂದ ಹೊರಟ ದಿನ ಹೇಗಿತ್ತೋ ಹಾಗೆ ಮಾಡಬೇಕು ಎಂಬುದು ಗ್ಯಾರೇಜಿನವರು ಅರ್ಥಮಾಡಿಕೊಂಡದ್ದು. ಗಾಡಿ ಹಿಂತಿರುಗಿದಾಗ ಹಳೆಯ ಬಣ್ಣವನ್ನೆಲ್ಲ ಕೆರೆದು, ಪುಟ್ಟಿ ತುಂಬಿ, ಕನ್ನಡಿಯಂತೆ ಹೊಳೆಯುವ ಹೊಸ ಬಣ್ಣ ಬಳಿದಿದ್ದರು. ದೀಪದ ಬಳೆಗಳ ಮೇಲಿದ್ದ ನಿಕ್ಕಲ್ ಲೇಪವನ್ನು ತೆಗೆದು ಕ್ರೋಮಿಯಂ ಲೇಪ ಕೊಡಿಸಿದ್ದರು. ನಿಕ್ಕಲ್ಲಿಗೆ ಹಳೆಯ ಬೆಳ್ಳಿ ಲೋಟದ ಹಾಗೆ ತುಸು ಹಳದಿ ಮಿಶ್ರಿತ, ತಣ್ಣಗಿನ ಹೊಳಪಿರುತ್ತದೆ. ಕ್ರೋಮಿಯಮ್ಮಿನದು ನೀಲಿಯ ಕಡೆಗೆ ವಾಲುವ ಬಿರುಸಾದ ಹೊಳಪು. ಕಾರುಗಳಲ್ಲಿ ಕ್ರೋಮಿಯಂ ಲೇಪ ರೂಢಿಗೆ ಬಂದದ್ದೇ 1920ರ ದಶಕದ ಕೊನೆಯಲ್ಲಿ. ಹಾಗಾಗಿ ‘ಮೂಲಸ್ಥಿತಿಗೆ’ ತರುವ ಹೆಸರಿನಲ್ಲಿ ಆ ಗಾಡಿಗೆ ಎಂದೂ ಇರದಿದ್ದ ರೂಪವೊಂದು ಬಂತು, ಅಜ್ಜನ ಮೊಣಕೈ ಗುರುತು ಹೋಯಿತು. ಕೆಲಸ ಮಾಡಿದವರ ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ. ಚೀಟಿಯಲ್ಲಿದ್ದ ಒಂದು ವಿಭಕ್ತಿ ಪ್ರತ್ಯಯವೇ ಈ ನಷ್ಟಕ್ಕೆ ದಾರಿಮಾಡಿತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಮೂಲಸ್ಥಿತಿ‘ಗೆ’ ತರುವುದು ಬೇರೆ, ಮೂಲಸ್ಥಿತಿ‘ಯಲ್ಲಿ’ ಉಳಿಸುವುದು ಬೇರೆ. ಚತುರ್ಥಿಯಲ್ಲಿ ವಸ್ತು ಈಗ ಅಲ್ಲಿಲ್ಲ, ಅದನ್ನು ಅಲ್ಲಿಗೆ ಒಯ್ಯಬೇಕು ಎಂಬ ಭಾವವಿದೆ. ಸಪ್ತಮಿಯಲ್ಲಿ ವಸ್ತು ಈಗಾಗಲೇ ಅಲ್ಲಿದೆ, ಕದಲಿಸಬಾರದು ಎಂಬ ಭಾವವಿದೆ. ಇಂಗ್ಲಿಷಿನವರು ಎರಡು ಬೇರೆ ನಾಮಪದಗಳಿಂದ ತೋರಿಸುವ ಭೇದವನ್ನು ನಮ್ಮ ಭಾಷೆ ಎರಡು ಪ್ರತ್ಯಯಗಳಿಂದಲೇ ತೋರಿಸಬಲ್ಲದು. ಆದರೆ ಪ್ರತ್ಯಯವನ್ನು ಫಲಕದ ಶೀರ್ಷಿಕೆಯಾಗಿ ಬರೆಯಲಾಗದು. ಅಲ್ಲಿಗೆ ನಾಮಪದವೇ ಬೇಕು.

ಇನ್ನು ‘ಮೂಲ’ವೆಂಬುದಾದರೂ ಯಾವುದು? ಸಂಸ್ಕೃತದ ‘ಮೂಲ’ಕ್ಕೂ, ಗ್ಯಾರೇಜುಗಳಲ್ಲಿ ‘ಒರಿಜಿನಲ್’ ಎಂಬುದರ ಜೊತೆಗೆ ಕೇಳಿಬರುವ ‘ಅಸಲಿ’ಯ ಹಿಂದಿರುವ ಅರಬ್ಬಿಯ ‘ಅಸ್ಲ್’ಗೂ ಬೇರು ಎಂದೇ ಅರ್ಥ. ಹೀಗಾಗಿ ಎರಡೂ ಪದಗಳು ನಮ್ಮನ್ನು ಮೊದಲ ದಿನದ ಕಡೆಗೇ ಎಳೆಯುತ್ತವೆ. ಆದರೆ ಹಳೆಯ ಕಾರಿನ ಮೂಲಸ್ಥಿತಿ ಯಾವಾಗಲೂ ಮೊದಲ ದಿನದ ಸ್ಥಿತಿಯಾಗಿರುವುದಿಲ್ಲ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚಿನಲ್ಲಿ 1950ರಿಂದ ನಡೆದುಬಂದಿರುವ ಕಾರುಗಳ ಪ್ರಸಿದ್ಧ ಸ್ಪರ್ಧೆಯಲ್ಲಿ 2024ರಲ್ಲಿ ಮೊದಲ ಸಲ, ಪ್ರಿಸರ್ವೇಶನ್ ವರ್ಗದ ಕಾರೊಂದಕ್ಕೆ ಅತ್ಯುನ್ನತ ಪ್ರಶಸ್ತಿ ದೊರೆಯಿತು. ಅದು 1934ರ ಬುಗಾಟಿ ಟೈಪ್ 59. ರೇಸಿನಲ್ಲಿ ಓಡುತ್ತಿದ್ದಾಗ ಅದರ ಬಣ್ಣ ನೀಲಿ. ಬೆಲ್ಜಿಯಂ ದೊರೆ ಮೂರನೆಯ ಲಿಯೊಪೋಲ್ಡ್ ಕೊಂಡ ಮೇಲೆ ಕಪ್ಪು ಬಳಿಸಿ ಹಳದಿ ಪಟ್ಟಿ ಹಾಕಿಸಿದ. ಈಗ ಬಿರುಕುಬಿಟ್ಟು ಮಾಸಿರುವ ಆ ಕಪ್ಪನ್ನೇ ಹಾಗೆಯೇ ಉಳಿಸಿಕೊಂಡಿದ್ದಾರೆ. ‘ಮೂಲ ಬಣ್ಣ’ವೆಂದು ನೀಲಿಯನ್ನು ಬಳಿದಿದ್ದರೆ ದೊರೆಯ ಕಾಲವೇ ಅಳಿಸಿಹೋಗುತ್ತಿತ್ತು. ಇಂಥ ಕಡೆ ‘ಮೂಲಸ್ಥಿತಿ’ಗಿಂತ ‘ಬಂದ ಸ್ಥಿತಿ’, ‘ಉಳಿದುಬಂದ ಸ್ಥಿತಿ’ ಎನ್ನುವುದು ಹೆಚ್ಚು ಸರಿ ಎಂದು ನನ್ನ ಅಭಿಪ್ರಾಯ. ‘ಉಳಿದುಬಂದ’ ಎಂಬ ಮಾತಿನಲ್ಲಿ ಕಾಲವೂ ಸೇರಿಕೊಳ್ಳುತ್ತದೆ.

‘ಜೀರ್ಣೋದ್ಧಾರ’ವನ್ನು ಪತ್ರಿಕೆಗಳು ಕಾರುಗಳಿಗೂ ಬಳಸುವುದನ್ನು ನೋಡಿದ್ದೇನೆ. ನಮ್ಮ ಶಾಸನಗಳಲ್ಲಿ ದೇವಾಲಯಗಳಿಗೆ ಭೂಮಿ ಬಿಡುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ಹೇಳುವ ರೂಢಿಯಿತ್ತು. ಮುರಿದದ್ದು ಖಂಡ, ಬಿರಿದದ್ದು ಸ್ಫುಟಿತ, ಹಳತಾಗಿ ಸವೆದದ್ದು ಜೀರ್ಣ. ಶಾಸನ ಬರೆಸಿದವರು ಹಾನಿಯ ಮೂರು ಬಗೆಗಳನ್ನು ಬೇರ್ಪಡಿಸಿ ನೋಡಿದ್ದರು. ಕಾರಿನ ಮುಂದೆ ನಿಂತವನು ನೋಡಬೇಕಾದದ್ದೂ ಹೀಗೆಯೇ. ಮುರಿದ ಸ್ಪ್ರಿಂಗು, ಬಿರುಕುಬಿಟ್ಟ ಸಿಲಿಂಡರ್ ಬ್ಲಾಕು, ಸವೆದ ಚರ್ಮದ ಸೀಟು, ಮೂರಕ್ಕೂ ಒಂದೇ ಮದ್ದಲ್ಲ. ಆದರೆ ಇಂದಿನ ಆಡುಮಾತಿನಲ್ಲಿ ‘ದೇವಸ್ಥಾನದ ಜೀರ್ಣೋದ್ಧಾರ ಆಯಿತು’ ಎಂದರೆ ಹಳೆಯ ಗುಡಿಯನ್ನು ಇಳಿಸಿ ಹೊಸದಾಗಿ ಕಟ್ಟಿ ಬ್ರಹ್ಮಕಲಶ ನಡೆಸಿದರು ಎಂಬ ಚಿತ್ರವೇ ಬಹುಪಾಲು ಜನರಿಗೆ ಮೂಡುತ್ತದೆ. ಆದ್ದರಿಂದ ಕಾರನ್ನು ಚಾಸಿಯವರೆಗೂ, ಅಂದರೆ ಅಡಿಯ ಚೌಕಟ್ಟಿನವರೆಗೂ ಬಿಚ್ಚಿ, ಮರದ ಚೌಕಟ್ಟನ್ನು ಹೊಸದಾಗಿ ಕೂಡಿಸಿ, ತಗಡು ಬಡಿದು, ಬಣ್ಣ ಹೊಡೆದು ಎಬ್ಬಿಸುವ ಪೂರ್ಣ ಕೆಲಸಕ್ಕೆ ಮಾತ್ರ ‘ಜೀರ್ಣೋದ್ಧಾರ’ವನ್ನು ಮೀಸಲಿಡುವುದು ಕ್ಷೇಮ. ‘ಪುನರುಜ್ಜೀವನ’ ಎಂಜಿನ್ನಿಗೆ ಒಪ್ಪುತ್ತದೆ, ಸೀಟಿಗೆ ಒಪ್ಪುವುದಿಲ್ಲ. ‘ದುರಸ್ತಿ’ಯ ಬೇರು ಪಾರಸಿಯ ‘ದುರುಸ್ತ್’, ಸರಿಯಾದದ್ದು ಎಂದು ಅರ್ಥ. ಓಡದ್ದನ್ನು ಓಡುವಂತೆ ಮಾಡುವುದಕ್ಕೆ ಅದೂ ‘ರಿಪೇರಿ’ಯೂ ಸಾಕು.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಫಿವಾ’ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಈ ಭೇದಗಳನ್ನು ಕಟ್ಟುನಿಟ್ಟಾಗಿ ಹೇಳುತ್ತದೆ. ಸ್ಮಾರಕಗಳ ಕುರಿತ 1964ರ ವೆನಿಸ್ ಸನ್ನದೇ ಅದಕ್ಕೆ ಮಾದರಿ. ಹಾಳಾಗದಂತೆ ಇಟ್ಟುಕೊಳ್ಳುವುದು ಒಂದು, ಹಾಳಾಗುತ್ತಿರುವುದನ್ನು ಅಲ್ಲಿಗೇ ತಡೆಯುವುದು ಇನ್ನೊಂದು, ಕಳೆದುಹೋದದ್ದನ್ನು ತುಂಬುವುದು ಮತ್ತೊಂದು. ಮೊದಲನೆಯದಕ್ಕೆ ನಮ್ಮ ‘ಕಾಪಿಡು’ ಅಚ್ಚುಕಟ್ಟಾಗಿ ಹೊಂದುತ್ತದೆ. ಎರಡನೆಯದಕ್ಕೆ ಪುರಾತತ್ತ್ವ ಇಲಾಖೆಯ ರೂಢಿಯ ‘ಸಂರಕ್ಷಣೆ’ಯನ್ನು ಇಟ್ಟುಕೊಳ್ಳಬಹುದು. ಮೂರನೆಯದಕ್ಕೆ ನನ್ನ ಸೂಚನೆ ‘ಪೂರಣ’. ಓಲೆಗರಿಯ ಅಂಚನ್ನು ಹುಳು ತಿಂದಿದ್ದರೆ ಗ್ರಂಥಸಂಪಾದಕರು ಹೋದ ಅಕ್ಷರಗಳನ್ನು ಊಹಿಸಿ ಕಂಸದೊಳಗೆ ತುಂಬುತ್ತಾರೆ. ಕವಿಯದು ಎಷ್ಟು, ತಮ್ಮದು ಎಷ್ಟು ಎಂಬುದನ್ನು ಓದುಗರಿಂದ ಮುಚ್ಚಿಡುವುದಿಲ್ಲ. ಟ್ಯೂರಿನ್ ಸನ್ನದು ಕೂಡ ಬದಲಾಯಿಸಿದ ಭಾಗಗಳ ಮೇಲೆ ಕಣ್ಣಿಗೆ ಚುಚ್ಚದ, ಆದರೆ ಹುಡುಕಿದರೆ ಸಿಗುವ ಗುರುತು ಇರಬೇಕೆನ್ನುತ್ತದೆ. ಇದು ತಗಡಿನ ಮೇಲೆ ಹಾಕುವ ಕಂಸವೇ ಸರಿ. ಗುರುತಿಲ್ಲದೆ ತುಂಬಿದ್ದನ್ನು ‘ಪೂರಣ’ ಎಂದು ಕರೆಯಬಾರದು ಎಂಬ ನಿಯಮವನ್ನೂ ಜೊತೆಗೇ ಇಟ್ಟುಕೊಂಡರೆ ಪದಕ್ಕೆ ಬಿಗಿ ಬರುತ್ತದೆ.

ಕೆಲವೊಮ್ಮೆ ಏನನ್ನೂ ತುಂಬದಿರುವುದೇ ಸರಿಯಾಗಿರುತ್ತದೆ. ಇಟಲಿ, ಸ್ವಿಟ್ಜರ್ಲೆಂಡ್‌ಗಳ ನಡುವಿನ ಮಜ್ಜೋರೆ ಸರೋವರದ ತಳದಲ್ಲಿ ದಶಕಗಳ ಕಾಲ ಮುಳುಗಿದ್ದ 1925ರ ಬುಗಾಟಿಯೊಂದನ್ನು 2009ರಲ್ಲಿ ಮೇಲೆತ್ತಿದರು. ಮರುವರ್ಷ ಹರಾಜಿನಲ್ಲಿ ಅದನ್ನು ಕೊಂಡವರು ತುಕ್ಕು ತಿಂದ ಒಂದು ಬದಿಯನ್ನೂ ಮುಟ್ಟದೆ ಹಾಗೆಯೇ ಪ್ರದರ್ಶನಕ್ಕಿಟ್ಟರು. ಅಕ್ಷರ ಅಳಿದುಹೋದ ಭಾಗಕ್ಕೆ ಶಾಸನತಜ್ಞರು ಹೇಳುವ ‘ತ್ರುಟಿತ’ ಎಂಬ ಮಾತು ಅದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ!

ನಮ್ಮ ದೇಶದ ಕಾನೂನಿನಲ್ಲೂ ಈ ಪದಗಳಿಗೆ ತೂಕ ಬಂದಿದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲಿ ಇಟ್ಟುಕೊಂಡಿರುವ, ‘ಸಬ್‌ಸ್ಟ್ಯಾನ್ಶಿಯಲ್ ಓವರ್‌ಹಾಲ್’ಗೆ ಒಳಗಾಗದ ದ್ವಿಚಕ್ರ, ಚತುಶ್ಚಕ್ರ ವಾಹನಗಳಿಗೆ ‘ವಿಎ’ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿ ಸಂಖ್ಯೆ ಸಿಗುತ್ತದೆ. ಚಾಸಿ, ಬಾಡಿ ಅಥವಾ ಎಂಜಿನ್ನನ್ನು ಮಾರ್ಪಡಿಸುವುದು ಆ ಓವರ್‌ಹಾಲ್‌ನಲ್ಲಿ ಸೇರುತ್ತದೆ. ಇದನ್ನು ಕನ್ನಡದಲ್ಲಿ ಹೇಳುವುದು ಹೇಗೆ? ಗ್ಯಾರೇಜಿನಲ್ಲಿ ಓವರ್‌ಹಾಲ್ ಎಂದರೆ ‘ಎಂಜಿನ್ ಕೆಲಸ’: ಇಳಿಸಿ, ಬೋರು ಮಾಡಿಸಿ, ರಿಂಗು ಪಿಸ್ಟನ್ ಬದಲಿಸಿ ಕೂಡಿಸುವುದು. ಅದರಿಂದ ಎಂಜಿನ್ ಬೇರೆ ಎಂಜಿನ್ ಆಗುವುದಿಲ್ಲ. ನಿಯಮದ ಇಂಗಿತ ಮಾರ್ಪಾಡಿನ ಕಡೆಗಿರುವಂತೆ ತೋರುವುದರಿಂದ ‘ಗಣನೀಯ ಮಾರ್ಪಾಡು’ ಎಂದು ಅನುವಾದಿಸಿದ್ದೇನೆ. ‘ದುರಸ್ತಿ’ ಎಂದು ಬರೆದರೆ ಬ್ರೇಕು ಸರಿಮಾಡಿಸಿದವರೂ ಹೆದರಬೇಕಾದೀತು.

‘ವಿಂಟೇಜ್’ ಪದವನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ. ಅದು ದ್ರಾಕ್ಷಿಯ ಸುಗ್ಗಿಯಿಂದ ಬಂದ ಮಾತು, ಬ್ರಿಟನ್ನಿನ ಹಳೆಯ ಕಾರುಗಳ ಸಂಘದವರ ಲೆಕ್ಕದಲ್ಲಿ 1930ರವರೆಗಿನ ಕಾರುಗಳಿಗೆ ಸಲ್ಲುವಂಥದು. ‘ಪುರಾತನ ಕಾರು’ ಎಂಬ ಪತ್ರಿಕಾ ಬಳಕೆ ನನ್ನ ಕಿವಿಗೆ ಹಿಡಿಸುವುದಿಲ್ಲ. ಪುರಾತನರು ಎಂದೊಡನೆ ಶರಣರ ನೆನಪಾಗುವ ಭಾಷೆ ನಮ್ಮದು.

ಕೊನೆಯದಾಗಿ ಎರಡು ಪದಗಳ ಬಗ್ಗೆ ಬಲ್ಲವರ ನೆರವು ಬೇಕು. ಮೊದಲನೆಯದು, ಕಾಲದಿಂದ ಬಣ್ಣಕ್ಕೆ, ಲೋಹಕ್ಕೆ, ಚರ್ಮಕ್ಕೆ ಬರುವ, ಸಂಗ್ರಾಹಕರು ‘ಪಟೀನಾ’ ಎಂದು ಆದರದಿಂದ ಹೇಳುವ ಆ ಛಾಯೆ. ‘ಕಿಲುಬು’ ಎನ್ನಲಾಗದು, ಕಿಲುಬನ್ನು ಕಂಡರೆ ಹುಣಸೆಹಣ್ಣು ಹಾಕಿ ಉಜ್ಜಬೇಕೆನ್ನಿಸುತ್ತದೆ. ‘ಮಾಸಲು’ ಎಂದರೆ ಕೊರತೆಯ ಧ್ವನಿ. ಹಣ್ಣಿಗೂ ಮನುಷ್ಯರಿಗೂ ಹೇಳುವ ‘ಮಾಗು’ ಧಾತುವಿನಿಂದ ‘ಮಾಗಿದ ಬಣ್ಣ’, ‘ಮಾಗಿದ ಚರ್ಮ’ ಎಂದು ಸದ್ಯಕ್ಕೆ ಬರೆದಿದ್ದೇನೆ. ಕಂಚುಗಾರರು, ಬಡಗಿಗಳು, ವೀಣೆ ಮಾಡುವವರು ಇದಕ್ಕೆ ತಮ್ಮದೇ ಆದ ಮಾತನ್ನು ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ. ಎರಡನೆಯದು, ಯಾವ ಜೀರ್ಣೋದ್ಧಾರಕ್ಕೂ ಒಳಗಾಗದೆ ಉಳಿದುಬಂದ ಕಾರಿಗೆ ಹೆಸರು. ಹಳೆಯ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತಿ ನೋಡಿ, ಬೋಲ್ಟುಗಳ ಮೂಲೆಗಳು ಸ್ಪ್ಯಾನರಿಗೆ ಸವೆಯದೆ ಚೂಪಾಗಿಯೇ ಇದ್ದುದನ್ನು ಬೆರಳಿನಿಂದ ಮುಟ್ಟಿ, ‘ಇದಕ್ಕೆ ಯಾರೂ ಕೈ ಹಾಕಿಲ್ಲ ಸ್ವಾಮಿ’ ಎಂದರು. ಆ ಮಾತಿನಿಂದ ‘ಕೈ ಹಾಕದ ಕಾರು’ ಎಂದು ಫಲಕದಲ್ಲಿ ಬರೆಯುವ ಆಸೆ ನನಗಿದೆ. ಬರಹದ ಕನ್ನಡದಲ್ಲಿ ಅದು ನಿಲ್ಲುತ್ತದೆಯೇ, ಅಥವಾ ‘ಕೈಸೋಕದ’ ಎಂದು ತಿದ್ದಬೇಕೇ?