ಮುಂಬಯಿಯಲ್ಲಿ ಹನ್ನೆರಡನೆಯ ತರಗತಿಯ ನಂತರ: ಕಾಲೇಜಿಗೆ ಅರ್ಜಿ ಹಾಕುವುದು ಹೇಗೆ, ಶುಲ್ಕ ಹೊಂದಿಸುವುದು ಹೇಗೆ?

ಪ್ರಶ್ನೆ: ಡೊಂಬಿವಲಿ ನಿವಾಸಿ

ಮಾನ್ಯರೇ, ನನ್ನ ಅಕ್ಕನ ಮಗಳು ಈ ಸಲ ವಾಣಿಜ್ಯ ವಿಭಾಗದಲ್ಲಿ ಶೇಕಡಾ 71 ಅಂಕ ಪಡೆದು ಎಚ್‌ಎಸ್‌ಸಿ ಮುಗಿಸಿದ್ದಾಳೆ. ಹುಟ್ಟಿ ಬೆಳೆದದ್ದೆಲ್ಲ ಇಲ್ಲಿಯೇ. ಭಾವನವರು ಕುಂದಾಪುರ ಕಡೆಯಿಂದ ಬಂದು ಫೋರ್ಟಿನ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದಾರೆ. ಅಕೌಂಟಿಂಗ್ ಅಂಡ್ ಫೈನಾನ್ಸ್ ಓದಬೇಕೆಂಬುದು ಹುಡುಗಿಯ ಆಸೆ. ಆದರೆ ಕಾಲೇಜಿನಲ್ಲಿ ಹೇಳಿದ ಮೊದಲ ವರ್ಷದ ಶುಲ್ಕ ಭಾವನವರ ತಿಂಗಳ ಸಂಬಳವನ್ನೂ ಮೀರುತ್ತದೆ. ಕುಂದಾಪುರದಲ್ಲಿ ಮಾಡಿಸಿದ ಹಿಂದುಳಿದ ವರ್ಗದ ಪ್ರಮಾಣಪತ್ರ ಇಲ್ಲಿ ನಡೆಯುತ್ತದೆಯೇ? ಹೆಣ್ಣುಮಕ್ಕಳಿಗೆ ಸರ್ಕಾರ ಪೂರ್ತಿ ಶುಲ್ಕ ಮನ್ನಾ ಮಾಡಿದೆಯೆಂದು ಎಲ್ಲರೂ ಹೇಳುತ್ತಾರೆ, ಅದು ಇವಳಿಗೂ ಸಿಗುತ್ತದೆಯೇ? ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1: ನಿವೃತ್ತ ಕಾಲೇಜು ಗುಮಾಸ್ತರು, ಮಾಟುಂಗಾ

ನೀವು ಮೊದಲು ವಿಚಾರಿಸಬೇಕಾದದ್ದು ವಿದ್ಯಾರ್ಥಿವೇತನವನ್ನಲ್ಲ, ಅನುದಾನಿತ ವಿಭಾಗವನ್ನು. ಮುಂಬಯಿಯ ಹಳೆಯ ಕಾಲೇಜುಗಳಲ್ಲಿ ಸಾದಾ ಬಿ.ಕಾಂ. ಸಾಮಾನ್ಯವಾಗಿ ಸರ್ಕಾರದ ಅನುದಾನದಲ್ಲಿ ನಡೆಯುತ್ತದೆ, ಅಧ್ಯಾಪಕರ ಸಂಬಳ ಸರ್ಕಾರದ್ದು. ಅಕೌಂಟಿಂಗ್ ಅಂಡ್ ಫೈನಾನ್ಸ್, ಬ್ಯಾಂಕಿಂಗ್ ಅಂಡ್ ಇನ್ಶೂರೆನ್ಸ್ ಮುಂತಾದವು ಅದೇ ಕಟ್ಟಡದಲ್ಲಿದ್ದರೂ ಸೆಲ್ಫ್ ಫೈನಾನ್ಸ್ ಕೋರ್ಸುಗಳಾದ್ದರಿಂದ ಅವುಗಳ ವೆಚ್ಚವೆಲ್ಲ ವಿದ್ಯಾರ್ಥಿಗಳ ಶುಲ್ಕದಿಂದಲೇ ಹುಟ್ಟಬೇಕು. ಒಂದೇ ಕಾಲೇಜಿನಲ್ಲಿ ಎರಡು ಶುಲ್ಕಗಳ ನಡುವೆ ಹಲವು ಪಟ್ಟು ಅಂತರವಿರುವುದಕ್ಕೆ ಇದೇ ಕಾರಣ. ಲೆಕ್ಕಪತ್ರದ ಒಲವುಳ್ಳ ಹುಡುಗಿ ಅನುದಾನಿತ ಬಿ.ಕಾಂ. ಸೇರಿ, ಜೊತೆಯಲ್ಲೇ ಸಿ.ಎ. ಫೌಂಡೇಶನ್ (ಚಾರ್ಟರ್ಡ್ ಅಕೌಂಟೆಂಟ್ ಆಗುವ ಮೊದಲ ಹಂತದ) ಪರೀಕ್ಷೆಗೆ ಸಿದ್ಧಳಾದರೆ ಏನನ್ನೂ ಕಳೆದುಕೊಳ್ಳುವುದಿಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಹೆಣ್ಣುಮಕ್ಕಳ ಶುಲ್ಕ ಮನ್ನಾ ನಿಜ. ಮಹಾರಾಷ್ಟ್ರ ಸರ್ಕಾರದ 2024ರ ಜುಲೈ ತಿಂಗಳ ಆದೇಶದ ಪ್ರಕಾರ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗಿರುವ, ಆರ್ಥಿಕವಾಗಿ ದುರ್ಬಲ ಮತ್ತು ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಯರಿಗೆ ಬೋಧನಾ ಮತ್ತು ಪರೀಕ್ಷಾ ಶುಲ್ಕ ಪೂರ್ತಿಯಾಗಿ ಮಾಫಿ. ಆದರೆ ಅದು ಸರ್ಕಾರದ ಕೇಂದ್ರೀಕೃತ ಪ್ರವೇಶ ಪ್ರಕ್ರಿಯೆಯ ಮೂಲಕ ಸೀಟು ಪಡೆಯುವ ವೃತ್ತಿಪರ ಕೋರ್ಸುಗಳಿಗೆ ಸಂಬಂಧಿಸಿದ್ದು. ಬಿ.ಕಾಂ. ಸೇರುವವರು ಅದನ್ನು ನಂಬಿ ಕೂರಬಾರದು.

ಇನ್ನು ಅರ್ಜಿಯ ವಿಚಾರ. ಮುಂಬಯಿ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಪ್ರವೇಶಪೂರ್ವ ನೋಂದಣಿ ಮಾಡಿದರೆ ಮಾತ್ರ ಸಾಲದು. ಆ ನೋಂದಣಿಯ ಪ್ರತಿಯೊಂದಿಗೆ ಪ್ರತಿಯೊಂದು ಕಾಲೇಜಿಗೂ ಬೇರೆಬೇರೆಯಾಗಿ ಅರ್ಜಿ ಹಾಕಬೇಕು. ಮೊದಲ ಮೆರಿಟ್ ಲಿಸ್ಟ್‌ನಲ್ಲಿ ಹೆಸರು ಬಂದರೆ ನಿಗದಿತ ದಿನದೊಳಗೆ ಶುಲ್ಕ ಕಟ್ಟಿ ಸೀಟು ಉಳಿಸಿಕೊಳ್ಳಿ. ಆಮೇಲೆ ಒಳ್ಳೆಯ ಕಾಲೇಜು ಸಿಕ್ಕರೆ ಹಣ ಮುಳುಗುತ್ತದೆಂಬ ಭಯ ಬೇಡ, ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಅಧಿಸೂಚನೆ ಶುಲ್ಕ ಮರಳಿಸುವುದನ್ನು ಕಡ್ಡಾಯ ಮಾಡಿದೆ ಮತ್ತು ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಇಟ್ಟುಕೊಳ್ಳುವುದನ್ನು ನಿಷೇಧಿಸಿದೆ. ಬೇಗ ರದ್ದು ಮಾಡಿದಷ್ಟೂ ಹೆಚ್ಚು ಹಣ ಹಿಂದಕ್ಕೆ ಬರುತ್ತದೆ.

ಕನ್ನಡ ಭಾಷಾ ಅಲ್ಪಸಂಖ್ಯಾತ ಸಂಸ್ಥೆಗಳು ನಡೆಸುವ ಕಾಲೇಜುಗಳ ಕೋಟಾವನ್ನೂ ಕೇಳಿ ನೋಡಿ. ಮಾತೃಭಾಷೆ ಕನ್ನಡವೆಂಬುದಕ್ಕೆ ಅವರು ದಾಖಲೆ ಕೇಳುತ್ತಾರೆ.

ಉತ್ತರ 2: ದಾಖಲೆಪತ್ರಗಳ ಕೆಲಸ ಮಾಡುವವನು, ಕಲ್ಯಾಣ

ಪ್ರಮಾಣಪತ್ರದ ಬಗ್ಗೆ ಹೇಳುತ್ತೇನೆ. ಕರ್ನಾಟಕದ ಹಿಂದುಳಿದ ವರ್ಗದ ಪತ್ರದ ಮೇಲೆ ಮಹಾರಾಷ್ಟ್ರದ ಮೀಸಲಾತಿಯಾಗಲಿ ರಿಯಾಯಿತಿಯಾಗಲಿ ದೊರೆಯುವುದಿಲ್ಲ. ಇಲ್ಲಿ ಒಬಿಸಿ ಪತ್ರ ಬೇಕಾದರೆ ಜಾತಿ ಮಹಾರಾಷ್ಟ್ರದ ಪಟ್ಟಿಯಲ್ಲಿರಬೇಕು ಮತ್ತು ತಂದೆಯ ಕಡೆಯ ಹಿರಿಯರು 13 ಅಕ್ಟೋಬರ್ 1967ಕ್ಕಿಂತ ಮೊದಲೇ ಈ ರಾಜ್ಯದಲ್ಲಿ ನೆಲೆಸಿದ್ದರೆಂದು ತೋರಿಸಬೇಕು. ಹುಡುಗಿಯ ಅಜ್ಜ ಅಂದು ಮುಂಬಯಿಯಲ್ಲಿದ್ದರೆ ರಾತ್ರಿಶಾಲೆಯ ಲೀವಿಂಗ್ ಸರ್ಟಿಫಿಕೇಟ್, ಖೋಲಿಯ (ಬಾಡಿಗೆ ಕೋಣೆಯ) ರಸೀದಿ, ಹಳೆಯ ರೇಷನ್ ಕಾರ್ಡ್ ಮುಂತಾದವನ್ನು ಹುಡುಕಿಸಿ. ಇಲ್ಲದಿದ್ದರೆ ಸಾಮಾನ್ಯ ವರ್ಗದಲ್ಲಿಯೇ ಅರ್ಜಿ ಹಾಕುವುದು ಸರಿ.

ಜಾತಿ ಪತ್ರವಿಲ್ಲದಿದ್ದರೂ ಡೊಮಿಸೈಲ್ (ರಾಜ್ಯದ ನಿವಾಸಿಯೆಂಬ) ಮತ್ತು ತಹಶೀಲ್ದಾರರ ಆದಾಯ ಪ್ರಮಾಣಪತ್ರಗಳನ್ನು ಇಂದೇ ರಾಜ್ಯ ಸರ್ಕಾರದ ಸೇವೆಗಳ ಆಪ್ಲೆ ಸರ್ಕಾರ್ ಪೋರ್ಟಲ್‌ನಲ್ಲಿ ಅಥವಾ ಸರ್ಕಾರಿ ಪತ್ರಗಳಿಗೆ ಅರ್ಜಿ ಪಡೆಯುವ ಸೇತು ಕೇಂದ್ರದಲ್ಲಿ ಆರಂಭಿಸಿ, ಏಕೆಂದರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಆದ ಮಹಾಡಿಬಿಟಿಯ ಬಹುತೇಕ ಯೋಜನೆಗಳಿಗೆ ಇವೆರಡೂ ಬೇಕು. ನಮ್ಮವರ ಅರ್ಜಿಗಳು ಹೆಚ್ಚಾಗಿ ಹೆಸರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ: ಊರಿನ ಕಾಗದದಲ್ಲಿ ತಂದೆಯ ಹೆಸರು ಬರೀ ‘ಕೆ. ಶೀನ’ ಎಂದಿರುತ್ತದೆ, ಇಲ್ಲಿನ ಶಾಲೆಯಲ್ಲಿ ಅದೇ ತಂದೆಯ ಹೆಸರಿಗೆ ಅಡ್ಡಹೆಸರು ಸೇರಿರುತ್ತದೆ, ಆಧಾರ್‌ನಲ್ಲಿ ಮೂರನೆಯ ರೂಪವಿರುತ್ತದೆ. ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರವಾಗಿ ಹೋಲಿಸಿ, ವ್ಯತ್ಯಾಸವಿದ್ದರೆ ಅರ್ಜಿಗೆ ಮೊದಲೇ ಸರಿಪಡಿಸಿಕೊಳ್ಳಿ. ಹುಡುಗಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಲಿ.

ಉತ್ತರ 3: ಲೆಕ್ಕಪತ್ರ ಸಹಾಯಕಿ, ಘಾಟ್‌ಕೋಪರ್

ಮೊದಲ ಉತ್ತರವನ್ನು ಒಪ್ಪುತ್ತೇನೆ, ಆದರೂ ಹುಡುಗಿಯ ಮನಸ್ಸನ್ನು ಕೇಳದೆ ನಿರ್ಧರಿಸಬೇಡಿ. ಅವಳಿಗೆ ಆ ಕೋರ್ಸೇ ಬೇಕೆಂದಿದ್ದರೆ ಕಂತುಗಳಲ್ಲಿ ಕಟ್ಟಲು ಅವಕಾಶ ಕೋರಿ ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಡಿ, ಬಾಯಿಮಾತಿನ ಭರವಸೆಗೆ ಬೆಲೆಯಿಲ್ಲ. ನಮ್ಮ ಬಂಟರ ಸಂಘ, ಬಿಲ್ಲವರ ಅಸೋಸಿಯೇಷನ್, ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ತಮ್ಮ ಸಮಾಜದ ಮಕ್ಕಳಿಗೆ ವಿದ್ಯಾರ್ಥಿವೇತನ ನೀಡುತ್ತ ಬಂದಿವೆ. ಅಂಕಪಟ್ಟಿಯೊಂದಿಗೆ ಕಚೇರಿಗೇ ಹೋಗಿ ಕೇಳುವುದಕ್ಕೆ ಭಾವನವರು ಸಂಕೋಚಪಡಬಾರದು. ನಾನು ಬೆಳಗಿನ ತರಗತಿಗಳ ಕಾಲೇಜಿನಲ್ಲಿ ಓದಿ, ಮಧ್ಯಾಹ್ನದ ಮೇಲೆ ಲೆಕ್ಕಪರಿಶೋಧಕರ ಕಚೇರಿಯಲ್ಲಿ ವೌಚರು ಜೋಡಿಸುತ್ತಿದ್ದೆ. ಎರಡನೆಯ ವರ್ಷದಿಂದ ನನ್ನ ಶುಲ್ಕವನ್ನು ನಾನೇ ಕಟ್ಟಿದೆ, ಕಲಿತ ಕೆಲಸವೂ ಕೈಹಿಡಿಯಿತು. ಮೂರು ವರ್ಷದ ಬಿ.ಕಾಂ.ಗಾಗಿ ಮನೆಯ ಮೇಲೆ ಸಾಲ ಹೊರಿಸುವುದು ಮಾತ್ರ ಬೇಡ.