ಮಗಳು ‘ಥರ್ಟೀನ್ ರೀಸನ್ಸ್ ವೈ’ ಓದುತ್ತಿದ್ದಾಳೆ: ಕೈಯಿಂದ ತೆಗೆದುಕೊಳ್ಳಲೇ, ಜೊತೆಗೆ ಕೂತು ಓದಲೇ?

ಪ್ರಶ್ನೆ: ಹೊಂಗೆನೆರಳು (ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ನಾವು ಹಾಸನದ ಕಡೆಯವರು. ಹನ್ನೊಂದು ವರ್ಷಗಳಿಂದ ನ್ಯೂಜೆರ್ಸಿಯಲ್ಲಿದ್ದೇವೆ. ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು ಕಳೆದ ವಾರ ಗೆಳತಿಯ ಮನೆಯಿಂದ ಜೇ ಆಶರ್ ಅವರ ‘ಥರ್ಟೀನ್ ರೀಸನ್ಸ್ ವೈ’ ಕಾದಂಬರಿಯನ್ನು ತಂದಳು. ಊಟಕ್ಕೆ ಕರೆದರೂ ಏಳದೆ ಓದುತ್ತಿದ್ದುದನ್ನು ಕಂಡು, ಅವಳು ಶಾಲೆಗೆ ಹೋದ ಹೊತ್ತಿನಲ್ಲಿ ನಾನೂ ನೂರು ಪುಟಗಳಷ್ಟು ಓದಿದೆ. ಹ್ಯಾನಾ ಬೇಕರ್ ಎಂಬ ಹುಡುಗಿ ಆತ್ಮಹತ್ಯೆಗೆ ಮುನ್ನ ಏಳು ಕ್ಯಾಸೆಟ್‌ಗಳಲ್ಲಿ ತನ್ನ ಮಾತುಗಳನ್ನು ಮುದ್ರಿಸಿಟ್ಟು, ತನ್ನನ್ನು ಆ ಸ್ಥಿತಿಗೆ ತಂದವರು ಎಂದು ತಾನು ನಂಬಿದವರನ್ನು ಒಂದೊಂದು ಸೈಡಿನಲ್ಲಿ ಒಬ್ಬರಂತೆ ಹೆಸರಿಸುತ್ತಾಳೆ. ಆ ಪೆಟ್ಟಿಗೆ ಅವರ ನಡುವೆಯೇ ಒಬ್ಬರಿಂದ ಒಬ್ಬರಿಗೆ ಸಾಗುತ್ತದೆ. ಈಗ ಅದು ಕ್ಲೇ ಜೆನ್‌ಸನ್ ಎಂಬ ಹುಡುಗನ ಮನೆಬಾಗಿಲಿಗೆ ಬಂದಿದೆ.

ಓದುವಾಗ ನನಗೆ ಕೈ ತಣ್ಣಗಾಯಿತು. ಆದರೆ ಮಗಳನ್ನು ಹೇಗಿದೆ ಎಂದು ಕೇಳಿದರೆ, “ಅಮ್ಮಾ, ಇದರಲ್ಲಿರುವುದೆಲ್ಲ ನಮ್ಮ ಶಾಲೆಯಲ್ಲೂ ಇದೆ” ಎಂದಷ್ಟೇ ಹೇಳಿ ಸುಮ್ಮನಾದಳು. ಓದುಗರ ವಿಮರ್ಶೆಗಳನ್ನು ಹುಡುಕಿದರೆ, ಈ ಪುಸ್ತಕ ತಮ್ಮನ್ನು ಬದುಕಿಸಿತು ಎನ್ನುವವರೂ ಇದ್ದಾರೆ, ಇದನ್ನು ಮಕ್ಕಳ ಕೈಗೆ ಕೊಡುವುದೇ ಅಪರಾಧ ಎನ್ನುವವರೂ ಇದ್ದಾರೆ. ಇಬ್ಬರೂ ಒಂದೇ ಪುಸ್ತಕವನ್ನು ಓದಿದ್ದಾರೆಂದು ನಂಬುವುದೇ ಕಷ್ಟವಾಗಿದೆ. ಇದನ್ನು ಓದಿದವರು, ಹದಿಹರೆಯದ ಮಕ್ಕಳೊಡನೆ ಒಡನಾಡುವವರು ಏನು ಹೇಳುತ್ತೀರಿ?

ಉತ್ತರ 1: ತೂಗುದೀಪ

ನನ್ನ ಅಭಿಪ್ರಾಯದಲ್ಲಿ ಆ ಪುಸ್ತಕವನ್ನು ತೆಗೆದಿಡುವುದೇ ಒಳ್ಳೆಯದು. ನನಗೂ ಹದಿನಾರರ ಮಗನಿದ್ದಾನೆ. 2007ರಲ್ಲಿ ಬಂದ ಈ ಕಾದಂಬರಿಯನ್ನು ಆಧರಿಸಿ 2017ರ ಮಾರ್ಚ್ 31ರಂದು ನೆಟ್‌ಫ್ಲಿಕ್ಸ್‌ನಲ್ಲಿ ಧಾರಾವಾಹಿ ಬಂತು. ಅದು ಹದಿಹರೆಯದವರ ಮೇಲೆ ಬೀರಬಹುದಾದ ಪರಿಣಾಮಕ್ಕೆ ಹೆದರಿ ನ್ಯೂಜಿಲೆಂಡ್ ವಯೋಮಿತಿಯ ಒಂದು ಹೊಸ ವರ್ಗವನ್ನೇ ರೂಪಿಸಿತು: ಹದಿನೆಂಟರ ಒಳಗಿನವರು ಹಿರಿಯರ ಜೊತೆ ಕೂತು ಮಾತ್ರ ನೋಡಬೇಕು. ಅದೇ ವರ್ಷ ಅಮೆರಿಕದ ಗ್ರಂಥಾಲಯ ಸಂಘ ಪ್ರಕಟಿಸುವ, ಅತಿ ಹೆಚ್ಚು ಆಕ್ಷೇಪಕ್ಕೆ ಒಳಗಾದ ಪುಸ್ತಕಗಳ ಪಟ್ಟಿಯಲ್ಲಿ ಈ ಕಾದಂಬರಿಯೇ ಮೊದಲ ಸ್ಥಾನದಲ್ಲಿತ್ತು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಧಾರಾವಾಹಿ ಬಂದ ಮರುತಿಂಗಳು ಅಮೆರಿಕದಲ್ಲಿ 10ರಿಂದ 17 ವರ್ಷದವರ ಆತ್ಮಹತ್ಯೆಯ ಪ್ರಮಾಣ ಶೇಕಡಾ 28.9ರಷ್ಟು ಏರಿತ್ತೆಂದು ಹೇಳಿತು. ಕೊನೆಗೆ ಕಂಪನಿಯೇ ಆ ವರ್ಷದ ಜುಲೈನಲ್ಲಿ ಸಾವಿನ ದೃಶ್ಯವನ್ನು ಕತ್ತರಿಸಿತು. ಎರಡು ವರ್ಷಕ್ಕೂ ಮಿಕ್ಕಿ ತಡವಾಗಿ ಬಂದ ಬುದ್ಧಿ ಅದು.

ಇಷ್ಟೆಲ್ಲ ಗೊತ್ತಿದ್ದೂ, ಓದುವುದು ಒಳ್ಳೆಯ ಅಭ್ಯಾಸ ಎಂಬ ಒಂದೇ ಕಾರಣಕ್ಕೆ ಯಾವ ಪುಸ್ತಕವಾದರೂ ಸರಿ ಎನ್ನಲು ನನ್ನಿಂದಾಗದು.

ಉತ್ತರ 2: ನೀಲಿಬಾಗಿಲು (ಬೆಂಗಳೂರು)

ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ಶಾಲಾ ಮಕ್ಕಳೊಡನೆ ಕೆಲಸ ಮಾಡುತ್ತೇನೆ. ತೂಗುದೀಪ ಅವರ ಆತಂಕ ನ್ಯಾಯವಾದದ್ದು, ಅವರು ಕೊಟ್ಟ ಅಂಕಿಯೂ ಸರಿ. ಆದರೆ ಆ ಅಂಕಿಯ ಜೊತೆಗೆ ಇನ್ನೆರಡು ಮಾತುಗಳನ್ನು ಸೇರಿಸಬೇಕು. ಅದೇ ಅಧ್ಯಯನದಲ್ಲಿ ಸ್ಪಷ್ಟವಾದ ಏರಿಕೆ ಕಂಡದ್ದು ಹುಡುಗರಲ್ಲಿ. ಕತೆ ಹುಡುಗಿಯದಾಗಿದ್ದರೂ ಹುಡುಗಿಯರಲ್ಲಿ ಅಂಥ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. 2020ರಲ್ಲಿ ಇನ್ನೊಬ್ಬ ಸಂಶೋಧಕರು ಅದೇ ಅಂಕಿಗಳನ್ನು ಮರುಪರಿಶೀಲಿಸಿ, ಆ ಪ್ರಮಾಣ ಅದಕ್ಕೂ ಮೊದಲಿನಿಂದಲೇ ಏರುತ್ತಿದ್ದುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಧಾರಾವಾಹಿಯೇ ಕಾರಣವೆಂದು ಹೇಳಲಾಗದು ಎಂದು ತಕರಾರು ತೆಗೆದರು. ಹಾಗೆಂದು ಭಯಕ್ಕೆ ಆಧಾರವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ನಾಯಕನು ಆತ್ಮಹತ್ಯೆ ಮಾಡಿಕೊಳ್ಳುವ, ಜರ್ಮನ್ ಲೇಖಕ ಗಯಟೆಯ ‘ವರ್ಥರ್’ ಕಾದಂಬರಿ 1774ರಲ್ಲಿ ಬಂದಾಗಲೇ ಇದೇ ಭಯದಿಂದ ಲೈಪ್‌ಜಿಗ್ ನಗರದಲ್ಲಿ ಅದರ ಮಾರಾಟವನ್ನು ನಿಷೇಧಿಸಿದ್ದರು. ಆತ್ಮಹತ್ಯೆಯ ಸುದ್ದಿಯನ್ನು ಅನುಸರಿಸಿ ಬರುವ ಸಾವುಗಳಿಗೆ ಸಂಶೋಧಕರು ಇಟ್ಟ ಹೆಸರು ಕೂಡ ಆ ಕಾದಂಬರಿಯದೇ. ಇದಕ್ಕೆ ಎದುರಾದ ಇನ್ನೊಂದು ಹೆಸರು 2010ರಲ್ಲಿ ಆಸ್ಟ್ರಿಯಾದ ಸಂಶೋಧಕರಿಂದ ಬಂತು. ಮೊಜಾರ್ಟನ ಗೀತನಾಟಕವೊಂದರಲ್ಲಿ ಸಾಯಹೊರಟ ಪಾಪಾಗೆನೋನನ್ನು ಮೂವರು ಬಾಲಕರು ಬಂದು ಬೇರೆ ದಾರಿ ತೋರಿಸಿ ತಡೆಯುತ್ತಾರೆ. ಸಂಕಟದಲ್ಲಿದ್ದವರು ಅದನ್ನು ದಾಟಿ ಬಂದ ಕತೆಗಳು ಓದುಗರನ್ನು ಕಾಯಬಲ್ಲವು ಎಂಬುದಕ್ಕೆ ಅವರು ಆ ಪಾತ್ರದ ಹೆಸರನ್ನಿಟ್ಟರು.

ಈ ಕಾದಂಬರಿಯ ಬಗ್ಗೆ ನನ್ನ ದೂರು ಇರುವುದು ಇಲ್ಲಿಯೇ. ಹ್ಯಾನಾ ಸಹಾಯ ಕೇಳಿ ಹೋಗುವುದು ಒಬ್ಬರ ಬಳಿಗೆ ಮಾತ್ರ. ಆ ಪೋರ್ಟರ್ ಎಂಬ ಶಾಲಾ ಸಲಹೆಗಾರರು, ನಡೆದದ್ದನ್ನು ಮರೆತು ಮುಂದೆ ಸಾಗುವುದೂ ಒಂದು ದಾರಿ ಎಂಬಂತೆ ಮಾತನಾಡುತ್ತಾರೆ. ಆಕೆ ಕೋಣೆಯಿಂದ ಹೊರಗೆ ಬಂದು, ಅವರು ಹಿಂದೆಯೇ ಬರುವರೇನೋ ಎಂದು ಕಾಯುತ್ತಾಳೆ, ಅವರು ಬರುವುದಿಲ್ಲ. ಅದನ್ನು ಓದಿದ ಹದಿನಾಲ್ಕರ ಮಗುವಿಗೆ, ದೊಡ್ಡವರ ಬಳಿ ಹೇಳಿ ಪ್ರಯೋಜನವಿಲ್ಲ ಎಂಬ ತೀರ್ಮಾನವೊಂದೇ ಉಳಿದೀತು. ಖಿನ್ನತೆಗೆ ಚಿಕಿತ್ಸೆ ಇದೆ ಎಂಬ ತಿಳಿವಳಿಕೆ ಕತೆಯಲ್ಲಿ ಮುನ್ನೆಲೆಗೆ ಬರುವುದೇ ಇಲ್ಲ. ಕಾರಣಗಳನ್ನು ಹದಿಮೂರೆಂದು ಎಣಿಸಿಡುವ ರಚನೆಯೂ ನನಗೆ ಒಪ್ಪಿಗೆಯಾಗುವುದಿಲ್ಲ. ಆತ್ಮಹತ್ಯೆಯನ್ನು ಹಾಗೆ ಲೆಕ್ಕ ಹಾಕಿ ಒಬ್ಬೊಬ್ಬರ ಖಾತೆಗೆ ಬರೆಯಲು ಬರುವುದಿಲ್ಲ.

ಆದರೂ ಪುಸ್ತಕವನ್ನು ಕಿತ್ತುಕೊಳ್ಳಬೇಡಿ ಎಂದೇ ಹೇಳುತ್ತೇನೆ. ಧಾರಾವಾಹಿಯ ಎರಡನೆಯ ಭಾಗದ ಬಗ್ಗೆ, ಹದಿನೆಂಟು ದಾಟಿದ ಯುವಜನರಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ, ಅದನ್ನು ಪೂರ್ತಿ ನೋಡಿದವರಿಗಿಂತ ನಡುವೆ ಬಿಟ್ಟವರಲ್ಲಿ ಅಪಾಯದ ಲಕ್ಷಣಗಳು ಹೆಚ್ಚಿದ್ದವು. ಮೊದಲೇ ನೊಂದಿದ್ದವರು ನೋಡಲಾರದೆ ಬಿಟ್ಟಿರಲೂಬಹುದು. ಅದು ಪುಸ್ತಕಕ್ಕೆ ಹಾಗೇ ಅನ್ವಯಿಸುವುದೂ ಇಲ್ಲ. ಆದರೆ ಕತೆಯನ್ನು ಅದರ ಅತ್ಯಂತ ಕತ್ತಲ ಜಾಗದಲ್ಲಿ ನಿಲ್ಲಿಸಿ ಮಗುವನ್ನು ಅದರೊಡನೆ ಒಂಟಿಯಾಗಿ ಬಿಡುವುದು ನನಗೆ ಸರಿಯೆನಿಸುವುದಿಲ್ಲ. ನೀವೂ ಓದಿ ಮುಗಿಸಿ. ಅವಳನ್ನು ನೇರವಾಗಿ ಕೇಳಿ: ‘ನಿನಗೂ ಸಾಯಬೇಕು ಅನ್ನಿಸಿದ್ದುಂಟೇ?’ ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬುದು ತಪ್ಪು ಕಲ್ಪನೆ. ಹೌದು ಎಂದರೆ, ಅಥವಾ ಉತ್ತರಕ್ಕೆ ತಡವರಿಸಿದರೆ, ಅಮೆರಿಕದಲ್ಲಿ ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಕರೆ ಮಾಡಬಹುದು, ಸಂದೇಶವನ್ನೂ ಕಳಿಸಬಹುದು. ಭಾರತದಲ್ಲಿ ಓದುತ್ತಿರುವವರಿಗಾಗಿ ಹೇಳುತ್ತೇನೆ: 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ರಲ್ಲಿ ದಿನದ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿಯೇ ಮಾತನಾಡಬಹುದು.

ಉತ್ತರ 3: ಕಾಗದದೋಣಿ

ನನಗೀಗ ಇಪ್ಪತ್ಮೂರು. ಈ ಪುಸ್ತಕವನ್ನು ಎರಡು ಬಾರಿ ಓದಿದ್ದೇನೆ, ಎರಡು ಬಾರಿಯೂ ಬೇರೆ ಬೇರೆ ಪುಸ್ತಕ ಓದಿದಂತಾಯಿತು.

ಮೊದಲ ಸಲ ಓದಿದಾಗ ಹದಿನೈದು. ಆಗ ನಮ್ಮ ತರಗತಿಯ ಹುಡುಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಹುಡುಗಿಯರ ಮೈಕಟ್ಟಿಗೆ ಅಂಕ ಕೊಟ್ಟ ಪಟ್ಟಿಯೊಂದು ಓಡಾಡಿತ್ತು, ಅದರಲ್ಲಿ ನನ್ನ ಹೆಸರೂ ಇತ್ತು. ಶಿಕ್ಷಕರಿಗೆ ಹೇಳಿದಾಗ ‘ಅಂಥವನ್ನೆಲ್ಲ ತಲೆಗೆ ಹಾಕಿಕೊಳ್ಳಬೇಡಮ್ಮ’ ಎಂಬ ಉತ್ತರ ಸಿಕ್ಕಿತು. ಹ್ಯಾನಾಳ ಕತೆಯಲ್ಲಿಯೂ ಅಂಥದೇ ಪಟ್ಟಿ ಇದೆಯಲ್ಲ, ಅದನ್ನು ಓದಿದ ರಾತ್ರಿ ನಾನು ಅತ್ತದ್ದು ದುಃಖಕ್ಕಲ್ಲ. ಇದು ಸಣ್ಣ ವಿಷಯವಲ್ಲ ಎಂದು ಅಚ್ಚಾದ ಅಕ್ಷರದಲ್ಲಿ ಯಾರೋ ಒಪ್ಪಿಕೊಂಡಿದ್ದಾರಲ್ಲ ಎಂಬ ಸಮಾಧಾನಕ್ಕೆ. ಪುಸ್ತಕ ತಮ್ಮನ್ನು ಬದುಕಿಸಿತು ಎಂದು ಬರೆಯುವವರು ಬಹುಶಃ ಇದನ್ನೇ ಹೇಳುತ್ತಿರಬೇಕು. ಆದರೆ ಪ್ರಾಮಾಣಿಕವಾಗಿ ಹೇಳುವುದಾದರೆ, ಅದರ ಜೊತೆಗೆ ಇನ್ನೊಂದು ಯೋಚನೆಯೂ ಬಂದಿತ್ತು: ನಾನು ಹೋದ ಮೇಲಾದರೂ ಇವರೆಲ್ಲ ಕೂತು ನನ್ನ ಮಾತು ಕೇಳುತ್ತಾರೆ, ಪಶ್ಚಾತ್ತಾಪ ಪಡುತ್ತಾರೆ ಎಂದು. ಆ ಕ್ಯಾಸೆಟ್‌ಗಳ ಆಕರ್ಷಣೆ ಇರುವುದೇ ಅಲ್ಲಿ.

ಎರಡನೆಯ ಸಲ ಕಳೆದ ವರ್ಷ ಓದಿದಾಗ ಆ ಮೋಸ ಕಣ್ಣಿಗೆ ಬಿತ್ತು. ಸತ್ತ ಹುಡುಗಿ ಇಡೀ ಪುಸ್ತಕದುದ್ದಕ್ಕೂ ಮಾತನಾಡುತ್ತಿರುವುದರಿಂದ ಅವಳು ಇನ್ನೂ ಎಲ್ಲೋ ಇದ್ದಾಳೆ, ಎಲ್ಲವನ್ನೂ ನೋಡುತ್ತಿದ್ದಾಳೆ ಎಂದು ನಮಗನ್ನಿಸುತ್ತದೆ. ಆದರೆ ಕ್ಲೇ ಅತ್ತದ್ದು ಅವಳಿಗೆ ಕೇಳಿಸುವುದಿಲ್ಲ. ಅವನದು ಯಾವ ತಪ್ಪೂ ಇಲ್ಲವೆಂದು ಅವಳೇ ಕ್ಯಾಸೆಟ್ಟಿನಲ್ಲಿ ಹೇಳುತ್ತಾಳೆ, ಆದರೂ ಆ ಭಾರವನ್ನು ಅವನು ಹೊರಬೇಕು. ಹದಿನೈದರಲ್ಲಿ ನಾನು ಅವನನ್ನು ಗಮನಿಸಿಯೇ ಇರಲಿಲ್ಲ. ಏಳು ಕ್ಯಾಸೆಟ್ಟಿಗೆ ಹದಿನಾಲ್ಕು ಸೈಡ್, ಕಾರಣಗಳು ಹದಿಮೂರು. ಕೊನೆಯ ಸೈಡ್ ಖಾಲಿ.

ಇನ್ನೊಂದು ವಿಷಯ. ಆಶರ್ ಅವರ ಮೊದಲ ಕರಡಿನಲ್ಲಿ ಹ್ಯಾನಾ ಬದುಕುಳಿಯುತ್ತಾಳೆ. ಹತ್ತನೆಯ ವರ್ಷದ ವಿಶೇಷ ಆವೃತ್ತಿಯಲ್ಲಿ ಆ ಮುಕ್ತಾಯವನ್ನೂ ಅಚ್ಚು ಹಾಕಿದ್ದಾರೆ. ಸಿಕ್ಕರೆ ಮಗಳಿಗೆ ಆ ಆವೃತ್ತಿಯನ್ನು ತಂದುಕೊಡಿ. ಎರಡನ್ನೂ ಓದಿ ಯಾವುದು ನಿಜವೆನಿಸಿತು ಎಂದು ಅವಳನ್ನೇ ಕೇಳಿ.

ಉತ್ತರ 4: ಪಡಸಾಲೆ (ಧಾರವಾಡ)

ತಂಗಿ, ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ಮೊಮ್ಮಗಳ ಒತ್ತಾಯಕ್ಕೆ ಈ ಕಾದಂಬರಿ ಓದಿದೆ. ಹಿರಿಯರು ಇದರಲ್ಲಿ ಸಾವನ್ನಷ್ಟೇ ಕಾಣುತ್ತೇವೆ, ಮಕ್ಕಳು ಸಾವಿಗಿಂತ ಮೊದಲು ನಡೆದುದನ್ನು ಕಾಣುತ್ತಾರೆ ಎಂಬುದು ನನಗೆ ಅವಳೊಡನೆ ಮಾತನಾಡುವಾಗ ತಿಳಿಯಿತು. ಒಂದು ಸುಳ್ಳು ಸುದ್ದಿಯಿಂದ ಇನ್ನೊಂದು ಹೇಗೆ ಹುಟ್ಟಿತೆಂಬುದನ್ನು ಅವಳು ಪುಟ ತೆಗೆದು ತೋರಿಸಿದಳು.

ಈ ‘ಬುಲ್ಲಿಯಿಂಗ್’ ಎಂಬುದಕ್ಕೆ ಕನ್ನಡದಲ್ಲಿ ಏನನ್ನಬೇಕೆಂದು ಅವಳು ಕೇಳಿದಾಗ ನಾನು ತಡವರಿಸಿದೆ. ರೇಗಿಸುವುದು, ಚುಡಾಯಿಸುವುದು, ಕಾಡಿಸುವುದು, ಗೋಳು ಹೊಯ್ದುಕೊಳ್ಳುವುದು: ನಮ್ಮ ಬಾಯಿಗೆ ಬರುವ ಮಾತುಗಳಲ್ಲೆಲ್ಲ ಸ್ವಲ್ಪ ಸಲಿಗೆ, ಸ್ವಲ್ಪ ನಗು ಬೆರೆತಿದೆ. ತಂಗಿಯನ್ನು ಅಣ್ಣ ಗೋಳು ಹೊಯ್ದುಕೊಳ್ಳುತ್ತಾನೆ, ಅದೂ ಅದೇ ಮಾತು. ತರಗತಿಯಲ್ಲಿ ಹುಡುಗನೊಬ್ಬನನ್ನು ಅವನ ನಡಿಗೆಗಾಗಿ ವರ್ಷವಿಡೀ ಅಣಕಿಸಿದ್ದನ್ನೂ ನಾನು ‘ರೇಗಿಸ್ತಾರೆ, ಸುಮ್ಮನಿರು’ ಎಂದು ಬಗೆಹರಿಸಿದ್ದೆ. ಆ ಹುಡುಗ ಎಸ್ಸೆಸ್ಸೆಲ್ಸಿಗೆ ಮೊದಲೇ ಬೇರೆ ಶಾಲೆಗೆ ಹೋದ. ಪೋರ್ಟರ್ ಅವರ ಪುಟಗಳನ್ನು ನಾನು ಮೆಲ್ಲಗೆ ಓದಬೇಕಾಯಿತು.

ಹೊಂಗೆನೆರಳು

ಎಲ್ಲರಿಗೂ ಧನ್ಯವಾದಗಳು. ಉತ್ತರಿಸಲು ತಡವಾಯಿತು, ಕ್ಷಮಿಸಿ. ಮೊದಲು ಪುಸ್ತಕವನ್ನು ಮುಗಿಸಿದೆ. ಕಡೆಯ ಪುಟಗಳಲ್ಲಿ ಕ್ಲೇ, ಎಲ್ಲರಿಂದ ದೂರವಾಗಿರುವ ಸ್ಕೈ ಎಂಬ ಹುಡುಗಿಯನ್ನು ಶಾಲೆಯ ಕಾರಿಡಾರಿನಲ್ಲಿ ಹೆಸರು ಹಿಡಿದು ಕರೆಯುವುದರ ಬಗ್ಗೆ ವಿಮರ್ಶೆಗಳಲ್ಲಿ ನಾನು ಹೆಚ್ಚೇನೂ ಕಂಡಿರಲಿಲ್ಲ. ಮಗಳಿಗೆ ಅದೇ ಇಷ್ಟವಾದ ಜಾಗವಂತೆ.

ನೀಲಿಬಾಗಿಲು ಅವರು ಹೇಳಿದ ಪ್ರಶ್ನೆಯನ್ನು ಕಾರಿನಲ್ಲಿ ಕೇಳಿದೆ, ಮುಖ ನೋಡಿ ಕೇಳುವ ಧೈರ್ಯ ಬರಲಿಲ್ಲ. “ನನಗಿಲ್ಲಮ್ಮ” ಎಂದಳು. ಆ ‘ನನಗೆ’ ಎಂಬ ಮಾತಿನ ಮೇಲೆ ಒತ್ತು ಬಿದ್ದಿತ್ತು. ಸ್ವಲ್ಪ ಹೊತ್ತಾದ ಮೇಲೆ, ಊಟದ ಬಿಡುವಿನಲ್ಲಿ ಒಂಟಿಯಾಗಿ ಕೂರುವ ಹುಡುಗಿಯೊಬ್ಬಳ ವಿಷಯ ಹೇಳಿದಳು, ಪುಸ್ತಕ ಕೊಟ್ಟ ಗೆಳತಿಯೇ ಅವಳು. ಗುರುವಾರ ನಾವಿಬ್ಬರೂ ಶಾಲೆಯ ಸಲಹೆಗಾರರನ್ನು ಕಾಣಲಿದ್ದೇವೆ. ಆ ಗೆಳತಿಗೆ ಮೊದಲೇ ತಿಳಿಸಿ ಹೋಗಬೇಕೆಂದು ಮಗಳು ಹಟ ಹಿಡಿದಿದ್ದಾಳೆ. ಇಂದು ಸಂಜೆ ಅವಳನ್ನು ಮನೆಗೆ ಕರೆದಿದ್ದೇವೆ, ದೋಸೆಗೆ ರುಬ್ಬಿಟ್ಟಿದ್ದೇನೆ.