ಮೆಕ್ಸಿಕನ್ ಪ್ರೇಮಹಾಸ್ಯ ‘ಸೆಕ್ಸೊ, ಪುದೋರ್ ಇ ಲಾಗ್ರಿಮಾಸ್’: ಹಳೆ ಪ್ರೇಮಿಗಳು ಮತ್ತೆ ಸಿಕ್ಕ ಮೇಲೆ ಹೀಗೇಕೆ ಮುಗಿಯುತ್ತದೆ?

ಪರದೆಪ್ರಿಯ:
ಆಂಟೋನಿಯೊ ಸೆರಾನೊ ನಿರ್ದೇಶನದ ಈ 1999ರ ಚಿತ್ರ (ಹೆಸರಿನ ಅರ್ಥ ‘ಕಾಮ, ಲಜ್ಜೆ ಮತ್ತು ಕಣ್ಣೀರು’) ನೋಡಿದವರು ದಯವಿಟ್ಟು ಅಭಿಪ್ರಾಯ ಹೇಳಿ. ಏಳು ವರ್ಷ ದೇಶ ಸುತ್ತಿ ಬಂದ ತೋಮಾಸ್, ಗೆಳೆಯ ಕಾರ್ಲೋಸ್‌ನ ಮನೆಯಲ್ಲಿ ಬೀಡುಬಿಡುತ್ತಾನೆ. ಕಾರ್ಲೋಸ್ ಜೊತೆ ಬಾಳುತ್ತಿರುವ ಆನಾ ಇವನ ಹಳೆ ಪ್ರೇಯಸಿ. ಎದುರು ಕಟ್ಟಡದಲ್ಲಿ ಮಿಗೆಲ್ ಮತ್ತು ಆಂದ್ರೇಯಾ. ಅಲ್ಲಿಗೆ ಆಫ್ರಿಕಾದಿಂದ ಮರಳಿ ಬರುವ ಮರೀಯಾ ಮಿಗೆಲ್‌ನ ಹಳೆ ಗೆಳತಿ. ಇಷ್ಟಾದ ಮೇಲೆ ಹಳೆ ಜೋಡಿಗಳು ಒಂದಾಗುವ ಕಥೆ ಇದು ಅನಿಸುತ್ತದೆ, ಆದರೆ ಹಾಗಾಗುವುದಿಲ್ಲ. ಕೊನೆಗೆ ಸಾವು ಬೇರೆ. ಇದನ್ನು ರೊಮ್ಯಾಂಟಿಕ್ ಕಾಮಿಡಿ ಅನ್ನಬಹುದೇ? ಇದೇ ಬಗೆಯ ಬೇರೆ ಮೆಕ್ಸಿಕನ್ ಚಿತ್ರಗಳೂ ಬೇಕು. ಕಥೆ ಬಿಟ್ಟುಕೊಟ್ಟರೂ ಅಡ್ಡಿಯಿಲ್ಲ.

ಎರಡನೇ_ಆಟ:
ಧಾರಾಳವಾಗಿ ಅನ್ನಬಹುದು. ತೋಮಾಸ್‌ನನ್ನು ನಾಯಕ ಅಂದುಕೊಂಡು ಕೂತರೆ ಮಾತ್ರ ಲೆಕ್ಕ ತಪ್ಪುತ್ತದೆ. ದೆಮಿಯಾನ್ ಬಿಚಿರ್ ಆ ಪಾತ್ರಕ್ಕೆ ಎಷ್ಟು ಲವಲವಿಕೆ ತುಂಬಿದ್ದಾನೆಂದರೆ ಕಣ್ಣು ಅವನ ಮೇಲೇ ನಿಲ್ಲುತ್ತದೆ. ಆದರೆ ಕಥೆ ಇರುವುದು ಅವನು ಹೊಕ್ಕ ಮನೆಯದು. ಆನಾ ಮತ್ತು ಕಾರ್ಲೋಸ್ ನಡುವೆ ಮೈಮುಟ್ಟುವುದೇ ನಿಂತುಹೋಗಿದೆ, ಅದನ್ನು ಇಬ್ಬರೂ ಬಾಯಿಬಿಟ್ಟು ಆಡುವುದಿಲ್ಲ. ತೋಮಾಸ್ ಬಂದ ಮೇಲೆ ಆಡಲೇಬೇಕಾಗುತ್ತದೆ. ಎದುರು ಮನೆಯಲ್ಲಿ ಮರೀಯಾ ಮಾಡುವ ಕೆಲಸವೂ ಇದೇ. ಹಳೆ ಪ್ರೇಮ ಇಲ್ಲಿ ಮದ್ದಾಗಿ ಬರುವುದಿಲ್ಲ, ಮುಚ್ಚಿಟ್ಟ ಗಾಯದ ಪಟ್ಟಿ ಬಿಚ್ಚಲು ಬರುತ್ತದೆ.

ಇನ್ನೊಮ್ಮೆ ನೋಡುವಾಗ ಕಿಟಕಿಗಳ ಕಡೆ ಗಮನ ಕೊಡಿ. ಎರಡೂ ಮನೆಗಳು ಎದುರುಬದುರು, ಒಂದರಲ್ಲಿ ನಡೆಯುವುದು ಇನ್ನೊಂದಕ್ಕೆ ಕಾಣುತ್ತದೆ. ಜಗಳ ಮುಗಿಲು ಮುಟ್ಟಿದಾಗ ಗಂಡಸರೆಲ್ಲ ಒಂದು ಮನೆ, ಹೆಂಗಸರೆಲ್ಲ ಇನ್ನೊಂದು ಮನೆ ಸೇರುತ್ತಾರೆ. ಸೆರಾನೊ ಇದನ್ನು ಮೊದಲು ರಂಗನಾಟಕವಾಗಿ ಬರೆದದ್ದು. ಯಾರು ಬಾಗಿಲು ದಾಟಿ ಬಂದರು, ಯಾರು ಹೊರಟರು ಅನ್ನುವುದರ ಮೇಲೇ ಇಡೀ ಕಥೆ ನಿಂತಿದೆ.

ಮಧ್ಯಂತರ:
ಮೇಲಿನವರು ಹೇಳಿದ ಕಟ್ಟಡದ ಲೆಕ್ಕ ಒಪ್ಪುತ್ತೇನೆ. ಅಂತ್ಯದ ವಿಷಯದಲ್ಲಿ ಮಾತ್ರ ನನ್ನದು ತಕರಾರು. ತೋಮಾಸ್ ಲಿಫ್ಟಿನ ಹೊಂಡದಲ್ಲಿ ಸಾಯುವುದು ಉಳಿದ ಐದು ಜನರಿಗೆ ತುಂಬ ಅನುಕೂಲವಾದ ಸಾವು. ಹಳೆ ಪ್ರೇಮಿ ಬದುಕಿದ್ದರೆ ಆನಾ ಒಂದು ನಿರ್ಧಾರ ತೆಗೆದುಕೊಳ್ಳಬೇಕಿತ್ತು, ಆ ಭಾರವನ್ನು ಬರಹಗಾರ ಅವಳ ಕೈಯಿಂದ ಕಿತ್ತುಕೊಂಡ. ಅವನ ನಗೆಯ ಹಿಂದೆ ಎಲ್ಲೂ ನಿಲ್ಲಲಾಗದ ಒಂಟಿತನ ಇದೆ, ನಿಜ. ಆದರೆ ಅದು ಮಾತಿನಲ್ಲಿ ಅಲ್ಲಲ್ಲಿ ಇಣುಕಿದ್ದಷ್ಟೇ, ದೃಶ್ಯವಾಗಿ ಬೆಳೆಯಲಿಲ್ಲ. ಹಾಗಾಗಿ ನಗುತ್ತಿದ್ದವರಿಗೆ ಮೆಟ್ಟಿಲು ತಪ್ಪಿದ ಹಾಗಾಗುತ್ತದೆ. ಆನಾ ಆಗಿ ಸುಸಾನಾ ಸಬಲೇತಾ ಮತ್ತು ಆಂದ್ರೇಯಾ ಆಗಿ ಸೆಸಿಲಿಯಾ ಸುವಾರೆಸ್ ಅಭಿನಯಕ್ಕಾಗಿ ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ರೀಲುಡಬ್ಬಿ:
ಈ ಚಿತ್ರ ಎಲ್ಲಿಂದ ಬಂತು ಅನ್ನುವುದೂ ಮುಖ್ಯ. 1992ರ ಕೊನೆಯಲ್ಲಿ ಬಂದ ಸಿನಿಮಾ ಕಾನೂನು, ಚಿತ್ರಮಂದಿರಗಳು ಮೆಕ್ಸಿಕನ್ ಚಿತ್ರಗಳಿಗೆ ಮೀಸಲಿಡಬೇಕಿದ್ದ ಪಾಲನ್ನು 1993ರಲ್ಲಿ ಶೇ 30ಕ್ಕೆ ಇಳಿಸಿತು. ಆಮೇಲೆ ವರ್ಷಕ್ಕೆ ಶೇ 5ರಂತೆ ಕಡಿಮೆಯಾಗಿ 1997ಕ್ಕೆ ಶೇ 10 ಉಳಿಯಿತು. ಟಿಕೆಟ್ ದರದ ಮೇಲಿದ್ದ ಸರ್ಕಾರದ ಹಿಡಿತವೂ ಸಡಿಲಾಯಿತು. ಬಡವರು ಹೋಗುತ್ತಿದ್ದ ಹಳೆ ದೊಡ್ಡ ಟಾಕೀಸುಗಳು ಮುಚ್ಚಿ ಮಲ್ಟಿಪ್ಲೆಕ್ಸ್ ಬಂದವು, ಟಿಕೆಟ್ ದುಬಾರಿಯಾಯಿತು. ದುಡ್ಡು ಕೊಟ್ಟು ಬರುವವರು ಓದಿದ, ನಗರದ ಮಧ್ಯಮ ವರ್ಗದವರಾದರು. ಪ್ರೇಮಹಾಸ್ಯಗಳು ಮೆಕ್ಸಿಕೋ ಸಿಟಿಯ ಪೊಲಾಂಕೊದಂಥ ಸಿರಿವಂತ ಬಡಾವಣೆಯ ಫ್ಲ್ಯಾಟುಗಳನ್ನು ಹೊಕ್ಕದ್ದು ಹೀಗೆ. ‘ಸೆಕ್ಸೊ...’ ಚಿತ್ರವನ್ನು ಮೆಕ್ಸಿಕೋದ ಥಿಯೇಟರುಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಗಾಯಕ ಅಲೆಕ್ಸ್ ಸಿಂತೆಕ್‌ನ ಶೀರ್ಷಿಕೆ ಗೀತೆ ಅಷ್ಟೇ ದೊಡ್ಡ ಹಿಟ್. 2002ರಲ್ಲಿ ‘ಎಲ್ ಕ್ರಿಮೆನ್ ದೆಲ್ ಪಾದ್ರೆ ಅಮಾರೊ’ ಬರುವವರೆಗೆ ಮೆಕ್ಸಿಕನ್ ಚಿತ್ರಗಳ ಗಳಿಕೆಯಲ್ಲಿ ಇದನ್ನು ಯಾವುದೂ ಮೀರಿಸಲಿಲ್ಲ.

ಮುಂದೆ ನೋಡಲು ನನ್ನ ಸಲಹೆ, ಮೊದಲು ರಫಾಯೆಲ್ ಮೊಂತೇರೊ ಅವರ ‘ಸಿಲಾಂತ್ರೊ ಇ ಪೆರೆಹಿಲ್’ (ಕೊತ್ತಂಬರಿ ಮತ್ತು ಪಾರ್ಸ್ಲಿ). 1997ರಲ್ಲಿ ಅತ್ಯುತ್ತಮ ಚಿತ್ರಕ್ಕೆ ಕೊಡುವ ಆರಿಯೆಲ್ (ಮೆಕ್ಸಿಕೋದ ಸಿನಿಮಾ ಅಕಾಡೆಮಿಯ) ಪ್ರಶಸ್ತಿ ಇದಕ್ಕೆ ಬಂತು. ಇಲ್ಲೂ ಬಿಚಿರ್ ಇದ್ದಾನೆ, ಜೊತೆಗೆ ಆರ್ಸೇಲಿಯಾ ರಮೀರೆಸ್. ಗಂಡ ಹೆಂಡತಿ ಬೇರೆಯಾಗುವುದು ಯಾವ ದೊಡ್ಡ ದ್ರೋಹದಿಂದಲೂ ಅಲ್ಲ. ಕೊತ್ತಂಬರಿ ತಾ ಅಂದರೆ ನೋಡಲು ಹಾಗೇ ಇರುವ ಪಾರ್ಸ್ಲಿ ತರುವ ಗಂಡ, ಅಂಥ ನೂರು ಸಣ್ಣ ಗಮನವಿಲ್ಲದಿರುವಿಕೆಗಳು, ಅಷ್ಟೇ. ಒಬ್ಬರನ್ನೊಬ್ಬರು ನಿಜವಾಗಿ ನೋಡುವುದನ್ನು ಕಲಿತ ಮೇಲಷ್ಟೇ ಮತ್ತೆ ಸೇರುವ ಮಾತು. ಒಂದು ಸಾವಿನಿಂದ ಆಗದ ಕೆಲಸ ಇಲ್ಲಿ ಒಂದು ಕಟ್ಟು ಸೊಪ್ಪಿನಿಂದ ಆಗಿದೆ, ಹಾಗಾಗಿ ನನ್ನ ಓಟು ಇದಕ್ಕೇ.

ಆಮೇಲೆ ಸಬೀನಾ ಬೆರ್ಮನ್ ಮತ್ತು ಇಸಬೆಲ್ ತಾರ್ದಾನ್ ನಿರ್ದೇಶನದ ‘ಎಂತ್ರೆ ಪಾಂಚೊ ವಿಲ್ಲಾ ಇ ಉನಾ ಮುಹೇರ್ ದೆಸ್ನುದಾ’. ಇದೂ ನಾಟಕದಿಂದ ಬಂದದ್ದೇ. ಮನಸ್ಸಾದಾಗ ಬಂದು ಮನಸ್ಸಾದಾಗ ಹೋಗುವ ಪ್ರೇಮಿ ಆದ್ರಿಯಾನ್. ಹೀಗೆ ಬಂದು ಹೋಗುವುದು ಸಾಕೆನ್ನುವ ಹೀನಾ. ಮೆಕ್ಸಿಕೋ ಕ್ರಾಂತಿಯ ಕಾಲದ ಸೇನಾನಾಯಕ ಪಾಂಚೊ ವಿಲ್ಲಾ ಖುದ್ದು ಪ್ರತ್ಯಕ್ಷನಾಗಿ ಆದ್ರಿಯಾನ್‌ಗೆ ಗಂಡಸುತನದ ಪಾಠ ಹೇಳುತ್ತಾನೆ. ಪ್ರತಿ ಸಲವೂ ಆ ಪಾಠ ತಿರುಗುಬಾಣ.

ಪರದೆಪ್ರಿಯ:
ಎಲ್ಲರಿಗೂ ಧನ್ಯವಾದ. ‘ಸೆಕ್ಸೊ...’ಗೆ ಎರಡನೇ ಭಾಗವೂ ಇದೆಯಲ್ಲ, ಅದನ್ನು ನೋಡಬಹುದೇ?

ಮಧ್ಯಂತರ:
2022ರದ್ದು, ಅಲೊನ್ಸೊ ಇನ್ಯಿಗೆಸ್ ನಿರ್ದೇಶನ. ಎರಡು ದಶಕದ ನಂತರ ಅದೇ ಗುಂಪು ಮತ್ತೆ ಸೇರುತ್ತದೆ. ಮೊದಲನೆಯದು ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ನೋಡಿ, ಯಾರು ಯಾರ ಹಳೆ ಪ್ರೇಮಿ ಅನ್ನುವುದು ಮರೆತರೆ ಅರ್ಧ ಮಾತು ತಲೆಯ ಮೇಲೆ ಹಾದುಹೋಗುತ್ತವೆ. ಡಬ್ಬಿಂಗ್ ಬೇಡ. ಮೂಲ ಸ್ಪ್ಯಾನಿಷ್ ಧ್ವನಿ ಇಟ್ಟುಕೊಂಡು ಸಬ್‌ಟೈಟಲ್ ಹಾಕಿ. ಈ ಚಿತ್ರಗಳಲ್ಲಿ ಇಬ್ಬರು ಮೂವರು ಒಟ್ಟಿಗೇ ಕಿತ್ತಾಡುವ ದೃಶ್ಯಗಳು ಜಾಸ್ತಿ. ಸಬ್‌ಟೈಟಲ್‌ನಲ್ಲಿ ಒಬ್ಬರ ಸಾಲು ಮಾತ್ರ ಬಂದು ಉಳಿದವರದು ಬಿಟ್ಟುಹೋಗಬಹುದು, ಅಂಥ ಕಡೆ ಒಂದು ಹತ್ತು ಸೆಕೆಂಡು ಹಿಂದೆ ಸರಿಸಿ ಮುಖಗಳನ್ನಷ್ಟೇ ನೋಡಿ.